ಹೊತ್ತಿಗೆ ಸರಿಯಾಗಿ ಉಣ್ಣು, ತಂಗೀ

ತಂಗೀ, ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಕಲಬುರಗಿಗೆ ಓದಲಿಕ್ಕೆ ಹೋಗಿ ಹಾಸ್ಟೆಲ್ ಸೇರಿದ ನಿನ್ನಂಥವರಿಗೆ ಒಂದು ಮಾತು ಹೇಳಬೇಕಾಗಿದೆ. ಊಟದ ವಿಷಯಕ್ಕೆ ಹಿರಿಯರು ಬಾಯಿ ಹಾಕಿದರೆಂದರೆ ‘ಹೊಟ್ಟಿ ತುಂಬ ಉಣ್ಣು’ ಅನ್ನುವುದು ವಾಡಿಕೆ. ಇದು ಆ ಮಾತಲ್ಲ.

ಹಗಲೆಲ್ಲ ಏನೂ ತಿನ್ನದೆ ಬಿಗಿಹಿಡಿದು, ರಾತ್ರಿ ಕೋಣೆಯವರೆಲ್ಲ ಮಲಗಿದ ಮೇಲೆ ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ ತೆಗೆಯುವುದು. ರುಚಿಯೂ ತಿಳಿಯದಷ್ಟು ಅವಸರದಲ್ಲಿ, ಸಾಕು ಅನಿಸಿದರೂ ಕೈ ನಿಲ್ಲದೆ, ಡಬ್ಬಿಯ ತಳ ಕಾಣುವ ತನಕ ತಿನ್ನುವುದು. ಆಮೇಲೆ ಹೆದರಿ ವಾಂತಿ ಮಾಡುವುದು, ಭೇದಿ ಗುಳಿಗೆ ನುಂಗುವುದು, ಇಲ್ಲವೇ ಮರುದಿನ ಪೂರ್ತಿ ಉಪವಾಸ ಬೀಳುವುದು. ವಾರಕ್ಕೊಮ್ಮೆಯಂತೆ ಮೂರು ತಿಂಗಳು ಹೀಗೆ ನಡೆದರೆ ವೈದ್ಯರು ಅದನ್ನು ಬುಲಿಮಿಯಾ ಎನ್ನುತ್ತಾರೆ. ಅಷ್ಟು ದಿನ ತುಂಬಲಿ ಎಂದು ನೀನು ಕಾಯಬೇಕಾಗಿಲ್ಲ. 1979ರಲ್ಲಿ ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ ತಾವು ನೋಡಿದ 30 ರೋಗಿಗಳ ವಿವರ ಬರೆದು ಈ ಕಾಯಿಲೆಗೆ ಹೆಸರಿಟ್ಟರು. 1995ರಲ್ಲಿ ರಾಜಕುಮಾರಿ ಡಯಾನಾ ಟೀವಿಯ ಮುಂದೆ ಕೂತು, ವರ್ಷಗಟ್ಟಲೆ ತನಗೂ ಇದಿತ್ತು ಎಂದು ಹೇಳಿಕೊಂಡಳು. ಅರಮನೆಯವರ ರೋಗ, ನಮಗ್ಯಾಕೆ ಅನ್ನಬೇಡ.

ನಮ್ಮ ಕಡೆ ಇದಕ್ಕೆ ಅಡಗಿ ಕೂರಲು ಜಾಗ ಬಹಳ. ಸೋಮವಾರ ಒಪ್ಪತ್ತು, ಗುರುವಾರ ಗಾಣಗಾಪುರದ ದತ್ತನ ಹೆಸರಲ್ಲಿ ಒಪ್ಪತ್ತು, ಶ್ರಾವಣದ ಉಪವಾಸ, ರಂಜಾನಿನ ರೋಜಾ. ಊಟ ಬಿಟ್ಟವಳನ್ನು ಯಾಕೆ ಅಂತ ಯಾರೂ ಕೇಳುವುದಿಲ್ಲ, ದೈವಭಕ್ತಿ ಎನ್ನುತ್ತಾರೆ. ದೇವರಿಗಾಗಿ ಬಿಟ್ಟ ಊಟ ಯಾವುದು, ಕನ್ನಡಿಗಾಗಿ ಬಿಟ್ಟದ್ದು ಯಾವುದು ಎಂಬುದು ನಿನಗೊಬ್ಬಳಿಗೇ ಗೊತ್ತು. ಮೈ ನೋಡಿ ಕಂಡುಹಿಡಿಯೋಣವೆಂದರೆ, ಈ ಕಾಯಿಲೆ ಇರುವ ಬಹುಪಾಲು ಮಂದಿ ತೂಕದಲ್ಲಿ ಎಲ್ಲರ ಹಾಗೇ ಇರುತ್ತಾರೆ.

ಇನ್ನು ಮದುವೆಮನೆ. ಪಂಕ್ತಿಯಲ್ಲಿ ‘ಇನ್ನೊಂದು ಹೋಳಿಗಿ ಹಾಕ್ಕೋಬೇ’ ಎಂದು ಕೈ ಹಿಡಿದು ಬಡಿಸುವ ಅತ್ತೆಯೇ, ಕೈ ತೊಳೆಯುವ ಹೊತ್ತಿಗೆ ‘ದಪ್ಪ ಆಗೀದಿ, ನೋಡಾಕ ಬಂದವ್ರು ಏನಂದಾರು’ ಎನ್ನುತ್ತಾಳೆ. ಆ ನಾಲಿಗೆ ನಮ್ಮ ಪೈಕಿಯದು, ತಿದ್ದಿಕೊಳ್ಳಬೇಕಾದವರು ನಾವು.

ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ದಾಸೋಹಕ್ಕೇ ಹೆಸರಾದವರು. ಅಂಥ ನೆಲದಲ್ಲಿ ಉಂಡ ಅನ್ನ ಕಕ್ಕಿದೆ ಎಂದು ಬಾಯಿಬಿಟ್ಟು ಹೇಳುವುದು ಕಷ್ಟ. ಪಾಪ ಮಾಡಿದೆ ಅನಿಸುತ್ತದೆ. ಪಾಪವಲ್ಲ, ತಂಗೀ. ಹಟದ, ಸಂಯಮದ ಕೊರತೆಯೂ ಅಲ್ಲ. ಬಹಳ ಸಲ ಅತಿ ಬಿಗಿಯಿಂದಲೇ ಇದು ಶುರುವಾಗುತ್ತದೆ. ಮೇವಿಲ್ಲದೆ ಕಟ್ಟಿಹಾಕಿದ ಎತ್ತು ಹಗ್ಗ ಹರಿದುಕೊಂಡು ತೊಗರಿ ಹೊಲಕ್ಕೆ ನುಗ್ಗುವ ಹಾಗೆ, ಹಸಿದ ಮೈ ರಾತ್ರಿ ಡಬ್ಬಿಗೆ ನುಗ್ಗುತ್ತದೆ. ಮನಸ್ಸಿನ ದುಃಖ, ಒಂಟಿತನ, ಪರೀಕ್ಷೆಯ ಹೆದರಿಕೆಯೂ ಅದರ ಜೊತೆ ಸೇರುತ್ತವೆ.

ವಾಂತಿಯಿಂದ ತಿಂದದ್ದೆಲ್ಲ ಹೊರಬರುವುದಿಲ್ಲ. ಭೇದಿ ಗುಳಿಗೆಯಿಂದ ಹೋಗುವುದು ಹೆಚ್ಚಾಗಿ ನೀರು. ಉಳಿಯುವುದು ನಷ್ಟ ಮಾತ್ರ: ಹೊಟ್ಟೆಯ ಆಮ್ಲಕ್ಕೆ ಹಲ್ಲಿನ ಮೇಲ್ಪದರ ಸವೆಯುತ್ತದೆ, ಕಿವಿಯ ಕೆಳಗೆ ಗಲ್ಲ ಊದುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಎದೆಬಡಿತ ಹದ ತಪ್ಪುತ್ತದೆ. ವಾಂತಿಯಾದ ಕೂಡಲೇ ಬ್ರಷ್ ಹಿಡಿಯಬೇಡ, ಬರೀ ನೀರಿನಿಂದ ಬಾಯಿ ಮುಕ್ಕಳಿಸು.

ಇದಕ್ಕೆ ಚಿಕಿತ್ಸೆ ಇದೆ, ಮತ್ತು ಅದು ಶುರುವಾಗುವುದು ಊಟ ಬಿಡುವುದರಿಂದಲ್ಲ, ಊಟದಿಂದಲೇ. ಬೆಳಿಗ್ಗೆ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಮಧ್ಯಾಹ್ನ ಊಟ, ಸಂಜೆ ಒಂದಿಷ್ಟು ಸುಸಲಾ, ರಾತ್ರಿ ಮತ್ತೆ ಊಟ. ನಡುವೆ ಮೂರು-ನಾಲ್ಕು ತಾಸಿಗಿಂತ ಹೆಚ್ಚು ಹೊಟ್ಟೆ ಖಾಲಿ ಇಡಬೇಡ. ಒಂದು ರಾತ್ರಿ ಮತ್ತೆ ಜಾರಿದರೂ ಬೆಳಗಿನ ರೊಟ್ಟಿ ತಪ್ಪಿಸಬೇಡ. ಮುಂದಿನ ಜಾರಿಕೆ ಹುಟ್ಟುವುದೇ ಆ ತಪ್ಪಿಸಿದ ರೊಟ್ಟಿಯಿಂದ. ಏನು ತಿಂದೆ, ಆಗ ಮನಸ್ಸಿನಲ್ಲಿ ಏನಿತ್ತು ಎಂದು ಬರೆಯಿಸಿ, ಯೋಚನೆಯ ದಾರಿ ತಿದ್ದುವ ಆಪ್ತಸಮಾಲೋಚನೆ ಇದೆ. ಕೆಲವರಿಗೆ ವೈದ್ಯರು ಮಾತ್ರೆಯನ್ನೂ ಬರೆಯುತ್ತಾರೆ.

ತಮ್ಮಾ, ನೀನೂ ನಗಬೇಡ. ಪೊಲೀಸ್ ಭರ್ತಿಗೆ ಓಡುವ, ಜಿಮ್ಮಿಗೆ ಹೋಗುವ ಹುಡುಗರಲ್ಲೂ ಉಂಡದ್ದನ್ನು ಕರಗಿಸಲೆಂದೇ ಮೈ ಮುರಿದುಕೊಳ್ಳುವವರಿದ್ದಾರೆ. ಅದೂ ಇದೇ ಕಾಯಿಲೆಯ ಇನ್ನೊಂದು ಮುಖ ಇರಬಹುದು.

ಮನೆಯಲ್ಲಿ ಹೇಳಲು ಬಾಯಿ ಬಾರದಿದ್ದರೆ 14416ಕ್ಕೆ ಫೋನ್ ಮಾಡು. 2022ರ ಅಕ್ಟೋಬರದಿಂದ ನಡೆಯುತ್ತಿರುವ ಟೆಲಿ-ಮಾನಸ್ ಅದು. ದುಡ್ಡಿಲ್ಲ, ಹಗಲು-ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಆಸ್ಪತ್ರೆಗೆ ಹೋದಾಗ ‘ಗ್ಯಾಸ್ ಆಗ್ಯದ’ ಎಂದು ತೇಲಿಸಬೇಡ. ‘ತಿನ್ನೂದು ಶುರುವಾದ್ರ ನಿಲ್ಲಂಗಿಲ್ಲ, ಆಮ್ಯಾಲೆ ವಾಂತಿ ಮಾಡ್ತೀನಿ’ ಎಂದು ನೇರ ಹೇಳು, ವೈದ್ಯರಿಗೆ ಅಷ್ಟು ಸಾಕು. ಆದರೆ ಎದೆ ಡವಡವ ಹೊಡೆದುಕೊಂಡರೆ, ಕಣ್ಣು ಕತ್ತಲಿಟ್ಟು ಬಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ ಫೋನ್ ಹಚ್ಚುತ್ತ ಕೂರದೆ ಅವತ್ತೇ ತುರ್ತು ವಿಭಾಗಕ್ಕೆ ಹೋಗು.

ಕೋಣೆಯ ಗೆಳತಿಗೆ ಹೀಗಿದೆ ಎಂದು ನಿನಗೆ ಅನುಮಾನವಿದ್ದರೆ ಬಚ್ಚಲುಮನೆ ಬಾಗಿಲಲ್ಲಿ ಕಾವಲು ನಿಲ್ಲಬೇಡ, ಅವಳ ತಾಟನ್ನು ಎಣಿಸಬೇಡ. ಉಂಡ ಮೇಲೆ ಒಂದು ತಾಸು ಅವಳ ಜೊತೆ ಹರಟೆ ಹೊಡೆಯುತ್ತ ಕೂತುಕೋ. ಆಸ್ಪತ್ರೆಗೆ ಹೊರಟ ದಿನ ಅವಳ ಜೊತೆ ನೀನೂ ಬಸ್ ಹತ್ತು.