ಬೀಮಿನಡಿ ಬಿರುಕು ಬಾರದಿರಲು ಗಾರೆಯೊಳಗೆ ಜಾಲರಿ

ಗೃಹಪ್ರವೇಶವಾಗಿ ಒಂದು ಬೇಸಿಗೆ ಕಳೆಯುವುದರೊಳಗೆ ಹೊಸ ಮನೆಯ ಬೀಮಿನ ಕೆಳಗೆ ನೂಲೆಳೆಯಷ್ಟು ಗೆರೆಯೊಂದು ಕಾಣಿಸಿಕೊಳ್ಳುತ್ತದೆ. ಆಮೇಲೆ ಪಿಲ್ಲರ್ ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಇನ್ನೊಂದು. ಮನೆಯವರು ಬಣ್ಣದವರನ್ನು ಬೈಯುತ್ತಾರೆ, ಬಣ್ಣದವರು ಸಿಮೆಂಟಿನ ಮೇಲೆ ಹಾಕುತ್ತಾರೆ. ತಲಕಾಡು, ಮೂಗೂರು, ಬನ್ನೂರು ಕಡೆ ಹೆಂಚಿನ ಮನೆ ಬಿಚ್ಚಿ ಪಿಲ್ಲರ್ ಎಬ್ಬಿಸಿ, ನಡುವೆ ಸಿಮೆಂಟ್ ಬ್ಲಾಕ್ ಕಟ್ಟುವವರೆಲ್ಲ ತಿಳಿದಿರಬೇಕಾದ ಸಂಗತಿ ಇದು: ಕಾಂಕ್ರೀಟು ಮತ್ತು ಬ್ಲಾಕು ಬಿಸಿಲಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ, ಒಣಗುವಾಗ ಒಂದೇ ಪ್ರಮಾಣದಲ್ಲಿ ಕುಗ್ಗುವುದೂ ಇಲ್ಲ. ಎರಡೂ ಸೇರುವ ಗೆರೆಯ ಮೇಲಿರುವ ಗಾರೆ ಆ ಎಳೆತ ತಾಳದೆ ಸೀಳುತ್ತದೆ.

ಗಾರೆ ಒತ್ತಡವನ್ನು ತಡೆಯುತ್ತದೆ, ಎಳೆತವನ್ನು ತಡೆಯುವುದಿಲ್ಲ. ಹಿಂದೆ ಮಣ್ಣಿನ ಗೋಡೆಗೆ ಮೆತ್ತುವ ಕೆಸರಿಗೆ ಹುಲ್ಲು, ಭತ್ತದ ಹೊಟ್ಟು ಹಾಕಿ ತುಳಿಯುತ್ತಿದ್ದುದು ಈ ಕೊರತೆ ತುಂಬಲು. ಇಂದು ಆ ಕೆಲಸವನ್ನು ಜಾಲರಿ ಮಾಡುತ್ತದೆ. ಅದನ್ನು ಎಲ್ಲಿ ಹಾಕಬೇಕು, ಗಾರೆಯ ಎಷ್ಟು ಆಳದಲ್ಲಿ ಕೂರಿಸಬೇಕು ಎನ್ನುವುದರ ಮೇಲೆಯೇ ಫಲ ನಿಂತಿದೆ.

1. ಮೊದಲು ಬಿರುಕನ್ನು ಗುರುತಿಸಿ

ಬೀಮು ಅಥವಾ ಪಿಲ್ಲರ್ ಅಂಚಿನಲ್ಲಿ ನೇರವಾಗಿ ಹೋದ ಬಿರುಕು, ವೈರಿಂಗ್ ಪೈಪ್ ಹೂತ ದಾರಿಯಲ್ಲೇ ಬಂದ ಬಿರುಕು: ಇವೆರಡಕ್ಕೂ ಜಾಲರಿ ಪರಿಹಾರ. ಬ್ಲಾಕಿನ ಸಂದುಗಳಲ್ಲಿ ಮೆಟ್ಟಿಲಿನಂತೆ ಇಳಿಯುವ ಅಥವಾ ಗೋಡೆಗೆ ಅಡ್ಡಡ್ಡವಾಗಿ ಓರೆಯಾಗಿ ಸಾಗಿ ದಿನೇ ದಿನೇ ಅಗಲವಾಗುವ ಬಿರುಕಾದರೆ ಪಾಯ ಕುಸಿಯುತ್ತಿರಬಹುದು. ಬಿರುಕಿನ ಎರಡು ತುದಿಗೂ ಪೆನ್ಸಿಲ್ ಗುರುತು ಹಾಕಿ ತಾರೀಖು ಬರೆಯಿರಿ. ಒಂದು ಮಳೆಗಾಲದಲ್ಲಿ ಅದು ಗುರುತು ದಾಟಿ ಬೆಳೆದರೆ ಎಂಜಿನಿಯರಿಗೆ ತೋರಿಸಿ. ಕೆಳಗಿನಿಂದ ತೇವ ಏರಿ ಉಪ್ಪು ಹೂವು ಬಿಟ್ಟ ಗೋಡೆಗೂ ಜಾಲರಿಯಿಂದ ಪ್ರಯೋಜನವಿಲ್ಲ. ನೀರಿನ ದಾರಿಯನ್ನು ಮೊದಲು ಮುಚ್ಚಬೇಕು.

2. ಜಾಲರಿಯ ಆಯ್ಕೆ

ಸಿಮೆಂಟ್ ಗಾರೆಗೆ ಸತುವಿನ ಲೇಪವಿರುವ ಚಿಕನ್ ಮೆಶ್ ಸಾಕು. ಅರ್ಧ ಇಂಚಿನಿಂದ ಮುಕ್ಕಾಲು ಇಂಚಿನ ಕಣ್ಣಿನದು ಕೊಳ್ಳಿ. ಕಣ್ಣು ತೀರಾ ಸಣ್ಣದಾದರೆ ಗಾರೆ ಹಿಂದಕ್ಕೆ ನುಗ್ಗುವುದಿಲ್ಲ. ತುಕ್ಕು ಹತ್ತಿದ ಸುರುಳಿ ಬೇಡ, ಬಣ್ಣದ ಮೇಲೆ ಕಂದು ಕಲೆ ಎದ್ದೀತು.

ಫೈಬರ್ ಮೆಶ್ ಆದರೆ 5 ಮಿ.ಮೀ. ಕಣ್ಣಿನ, ಚದರ ಮೀಟರಿಗೆ ಸುಮಾರು 145 ಗ್ರಾಂ ತೂಕದ್ದು ಗಾರೆಗೆ ಸರಿ. ಸಿಮೆಂಟಿನ ಕ್ಷಾರ ಬರಿಯ ಗಾಜಿನ ನಾರನ್ನು ತಿಂದುಹಾಕುತ್ತದೆ, ಆದ್ದರಿಂದ ಕ್ಷಾರ ತಡೆಯುವ ಲೇಪವಿರುವುದನ್ನೇ ಕೇಳಿ. ಜಿಪ್ಸಂ ಪ್ಲಾಸ್ಟರ್ ಮಾಡಿಸುವುದಾದರೆ ಫೈಬರ್ ಮೆಶ್ಶೇ ಇರಲಿ. ತೇವ ತಗುಲಿದರೆ ಜಿಪ್ಸಂ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ.

3. ಎಷ್ಟು ಬೇಕು?

ಇಡೀ ಗೋಡೆಗೆ ಹೊದಿಸುವುದು ದುಡ್ಡು ದಂಡ. ಸೇರುವ ಗೆರೆಯ ಎರಡೂ ಕಡೆ ಅರ್ಧರ್ಧ ಅಡಿ, ಒಟ್ಟು ಒಂದು ಅಡಿ ಅಗಲದ ಪಟ್ಟಿ ಸಾಕು. 10×12 ಅಡಿಯ ಕೋಣೆಯ ಲೆಕ್ಕ ಹೀಗೆ: ಬೀಮಿನಡಿ ಸುತ್ತಲೂ 44 ಅಡಿ, ನಾಲ್ಕು ಮೂಲೆಯ ಪಿಲ್ಲರ್‌ಗಳ ಎರಡೆರಡು ಅಂಚು, 9 ಅಡಿ ಎತ್ತರಕ್ಕೆ 72 ಅಡಿ. ಒಟ್ಟು 116 ಅಡಿ. ಮಡಿಕೆಗೆಂದು ಹತ್ತನೇ ಒಂದು ಭಾಗ ಸೇರಿಸಿದರೆ ಸುಮಾರು 128 ಅಡಿ. ಮೂರು ಅಡಿ ಅಗಲದ ಸುರುಳಿಯಿಂದ ಮೂರು ಪಟ್ಟಿ ಬರುವುದರಿಂದ 43 ಅಡಿ ಉದ್ದ ಕೊಂಡರೆ ಆಯಿತು. ಪೈಪ್ ಹೂತ ದಾರಿಯನ್ನು ಬೇರೆಯಾಗಿ ಅಳೆದು ಸೇರಿಸಿ. ಕಿಟಕಿ, ಬಾಗಿಲುಗಳ ಮೂಲೆಗೆ ಒಂದೊಂದು ಅಡಿಯ ತುಂಡನ್ನು ಓರೆಯಾಗಿ ಹಾಕಿಸಿ.

4. ಮರಳನ್ನು ಪರೀಕ್ಷಿಸಿ

ತಲಕಾಡಿನಲ್ಲಿ ಕಣ್ಣು ಹಾಯಿಸಿದತ್ತ ಮರಳು. ಆದರೆ ಪಾತಾಳೇಶ್ವರ, ಮರುಳೇಶ್ವರ ದೇಗುಲಗಳ ಸುತ್ತಲಿನ ದಿಬ್ಬಗಳ ಮರಳು ಗಾರೆಗಲ್ಲ. ಅನುಮತಿಯಿಲ್ಲದೆ ಮರಳು ತೆಗೆಯುವುದು ಅಪರಾಧ ಎನ್ನುವುದು ಒಂದು. ಗಾಳಿ ಹೊತ್ತು ತಂದ ಮರಳಿನ ಕಾಳು ಹೆಚ್ಚುಕಡಿಮೆ ಒಂದೇ ಗಾತ್ರದ ನಯವಾದ ಕಾಳು ಎನ್ನುವುದು ಇನ್ನೊಂದು. ದಪ್ಪ, ಸಣ್ಣ ಕಾಳು ಬೆರೆತಿದ್ದರೆ ಸಂದು ತುಂಬುತ್ತದೆ. ಒಂದೇ ಗಾತ್ರದ್ದಾದರೆ ನೀರು, ಸಿಮೆಂಟು ಎರಡನ್ನೂ ಹೆಚ್ಚು ಕುಡಿದು, ಒಣಗುವಾಗ ಕುಗ್ಗಿ ಜೇಡರ ಬಲೆಯಂತೆ ಬಿರಿಯುತ್ತದೆ.

ಪ್ಲಾಸ್ಟರಿಂಗ್‌ಗೆಂದೇ ಜರಡಿ ಹಿಡಿದು ತೊಳೆದ ಪಿ-ಸ್ಯಾಂಡ್ ತರಿಸಿ. ನದಿ ಮರಳು ಸಿಕ್ಕಿದರೆ ಗಾಜಿನ ಲೋಟಕ್ಕೆ ಅರ್ಧ ಮರಳು ಹಾಕಿ, ಚಿಟಿಕೆ ಉಪ್ಪು ಬೆರೆಸಿದ ನೀರು ತುಂಬಿ ಕಲಕಿ, ಮೂರು ಗಂಟೆ ಬಿಡಿ. ಮೇಲೆ ಕೂತ ಹೂಳಿನ ಪದರ ಮರಳಿನ ಎತ್ತರದ ನೂರಕ್ಕೆ 8 ಪಾಲು ಮೀರಿದ್ದರೆ ತೊಳೆದೇ ಬಳಸಬೇಕು.

5. ಗೋಡೆಯನ್ನು ಸಿದ್ಧಗೊಳಿಸಿ

ಬೀಮು ಮತ್ತು ಗೋಡೆಯ ಕೊನೆಯ ವರಸೆಯ ನಡುವಿನ ಸಂದಿಗೆ ಗಾರೆ ಒತ್ತಿ ತುಂಬಿಸಿ. ಪೈಪಿನ ದಾರಿಯನ್ನೂ ಮುಚ್ಚಿ. ಅದು ಗಟ್ಟಿಯಾದ ಮೇಲೆಯೇ ಜಾಲರಿ. ಕಾಂಕ್ರೀಟಿನ ಮೇಲೆ ಸೆಂಟ್ರಿಂಗ್ ಎಣ್ಣೆಯ ಜಿಡ್ಡಿದ್ದರೆ ಉಜ್ಜಿ ತೆಗೆದು, ಉಳಿಯಿಂದ ಒತ್ತಾಗಿ ಚಿಪ್ಪಿಂಗ್ ಹೊಡೆಸಿ. ನುಣುಪಾದ ಬೀಮಿಗೆ ಗಾರೆ ಕಚ್ಚುವುದಿಲ್ಲ. ದೂಳು ತೊಳೆದು, ಗೋಡೆಯನ್ನು ನೆನೆಸಿ. ನೀರು ಇಳಿಯುತ್ತಿರುವಾಗ ಗಾರೆ ಹೊಡೆಯಬಾರದು.

6. ಜಾಲರಿಯನ್ನು ಕೂರಿಸಿ

ಎಡವುವುದು ಇಲ್ಲೇ. ಜಾಲರಿಯನ್ನು ಗೋಡೆಗೆ ಅಂಟಿಸಿ ಮೊಳೆ ಹೊಡೆದರೆ ಅದರ ಹಿಂದೆ ಗಾರೆ ಹೋಗದು. ಅಲ್ಲಿ ಪೊಳ್ಳು ಉಳಿಯುತ್ತದೆ, ಜಾಲರಿಗೆ ಹಿಡಿತ ಸಿಗುವುದಿಲ್ಲ.

- ಅಡಿಗೊಂದರಂತೆ ವಾಷರ್ ಹಾಕಿದ ಮೊಳೆ ಹೊಡೆದು, ಜೋಲು ಬೀಳದಂತೆ ಎಳೆದು ಕಟ್ಟಿ.
- ಅಲ್ಲಲ್ಲಿ ಗಾರೆಯ ಚಿಕ್ಕ ಉಂಡೆ ಒತ್ತಿ, ಜಾಲರಿ ಗೋಡೆಯಿಂದ ಮೂರರಿಂದ ಆರು ಮಿ.ಮೀ. ಆಚೆಗಿರುವಂತೆ ನೋಡಿಕೊಳ್ಳಿ.
- ಒಂದು ಪಟ್ಟಿಯ ಮೇಲೆ ಇನ್ನೊಂದು ನಾಲ್ಕು ಇಂಚು ಏರಲಿ.
- ಫೈಬರ್ ಮೆಶ್ಶಿಗೆ ಮೊಳೆ ಬೇಡ. ಮೊದಲ ಪದರದ ಹಸಿ ಗಾರೆಗೆ ಕರಣೆಯಿಂದ ಒತ್ತಿ, ಮೇಲೆ ಎರಡನೆಯ ಪದರ ಹಾಕಿ.

7. ಗಾರೆ ಹೊಡೆಯುವುದು

ಒಳಗೋಡೆಗೆ 1:6 ಮಿಶ್ರಣ, 12 ಮಿ.ಮೀ. ದಪ್ಪ ರೂಢಿ. ಜಾಲರಿ ಇರುವಲ್ಲಿ 15 ಮಿ.ಮೀ. ಆದರೆ ಒಳ್ಳೆಯದು. ಛಾವಣಿಗೆ 1:4, ಸುಮಾರು 6 ಮಿ.ಮೀ. 50 ಕೆ.ಜಿ.ಯ ಸಿಮೆಂಟ್ ಚೀಲವೆಂದರೆ ಸುಮಾರು 35 ಲೀಟರ್. 1:4ಕ್ಕೆ 140 ಲೀಟರ್, 1:6ಕ್ಕೆ 210 ಲೀಟರ್ ಮರಳು. ಬಾಂಡ್ಲಿಯಲ್ಲಿ ಅಂದಾಜಿಗೆ ಸುರಿಯದೆ ಒಂದೇ ಡಬ್ಬದಿಂದ ಅಳೆಯಲು ಮೇಸ್ತ್ರಿಗೆ ಹೇಳಿ. ನೀರು ಬೆರೆಸಿದ ಗಾರೆ ಅರ್ಧ ಗಂಟೆಯೊಳಗೆ ಮುಗಿಯಬೇಕು. ಬಿಗಿಯಾದದ್ದಕ್ಕೆ ಮತ್ತೆ ನೀರು ಹಾಕಬಾರದು. ಕರಣೆಯಿಂದ ಜೋರಾಗಿ ಬೀಸಿ ಎಸೆದರೆ ಗಾರೆ ಕಣ್ಣಿನೊಳಗೆ ನುಗ್ಗುತ್ತದೆ.

8. ಛಾವಣಿಯ ಎಚ್ಚರ

ಮೋಲ್ಡಿನ ತಗ್ಗು ಮುಚ್ಚಲು ಛಾವಣಿಗೆ ದಪ್ಪ ಗಾರೆ ಮೆತ್ತಿದರೆ ಒಂದು ದಿನ ಚಕ್ಕೆಯಾಗಿ ತಲೆ ಮೇಲೆ ಬಿದ್ದೀತು. ಹಳೆಯ ಮನೆಯ ಮೋಲ್ಡಿನಲ್ಲಿ ಕಂಬಿ ತುಕ್ಕು ಹಿಡಿದು ಕಾಂಕ್ರೀಟ್ ಉಬ್ಬಿದ್ದರೆ ಜಾಲರಿ ಹೊಡೆದು ಮುಚ್ಚಲೇಬೇಡಿ. ಒಳಗೆ ತುಕ್ಕು ಬೆಳೆಯುತ್ತಲೇ ಇರುತ್ತದೆ. ಛಾವಣಿ ಗೋಡೆಗೆ ಸೇರುವಲ್ಲಿ ಉಪಾಯವೇ ಬೇರೆ: ಗಾರೆ ಹಸಿಯಿರುವಾಗಲೇ ಕರಣೆಯ ಅಂಚಿನಿಂದ ಸುತ್ತಲೂ ನೇರ ಗೀರು ಎಳೆಸಿ. ಮೋಲ್ಡು ಬಿಸಿಲಿಗೆ ಸರಿದಾಡಿದಾಗ ಬಿರುಕು ಆ ಗೀರಿನಲ್ಲೇ ಅಡಗುತ್ತದೆ. ಮೇಲ್ಮುಖವಾಗಿ ಕೆಲಸ ಮಾಡುವವರಿಗೆ ಕನ್ನಡಕ, ಕೈಗವಸು, ಅಲುಗಾಡದ ಸಾರುವೆ ಕೊಡಿಸಿ. ಸಿಮೆಂಟ್ ಕಣ್ಣನ್ನು ಸುಡುತ್ತದೆ.

9. ನೀರುಣಿಸಿ, ಕಾಯಿರಿ

ಮಾರನೆಯ ದಿನದಿಂದ ಕನಿಷ್ಠ ಏಳು ದಿನ ಗಾರೆಯನ್ನು ಸದಾ ತೇವವಾಗಿಡಿ. ಬೇಸಿಗೆಯಲ್ಲಿ ಕಿಟಕಿಗೆ ಗೋಣಿಚೀಲ ಕಟ್ಟಿ ಬಿಸಿಗಾಳಿ ತಡೆಯಿರಿ. ಆಮೇಲೆ ಮೂರು ನಾಲ್ಕು ವಾರ ಒಣಗಲು ಬಿಟ್ಟು ಪುಟ್ಟಿ ಹಚ್ಚಿಸಿ. ಅಷ್ಟರಲ್ಲಿ ಎಳೆ ಬಿರುಕು ಕಂಡರೆ ಎರಡು ಇಂಚಿನ ಫೈಬರ್ ಟೇಪ್ ಒತ್ತಿ, ಅದರ ಮೇಲೆ ಎರಡು ಕೋಟ್ ಪುಟ್ಟಿ.

ಕೂಲಿ ಲೆಕ್ಕ ಚುಕ್ತಾ ಮಾಡುವ ಮೊದಲು ಜಾಲರಿ ಹಾಕಿದ ಪಟ್ಟಿಯುದ್ದಕ್ಕೂ ಕರಣೆಯ ಹಿಡಿಯಿಂದ ಮೆಲ್ಲಗೆ ಬಡಿದು ನೋಡಿ. ಬೊಳ್ ಬೊಳ್ ಎಂದ ಕಡೆ ಸೀಮೆಸುಣ್ಣದಿಂದ ಸುತ್ತು ಹಾಕಿ, ಅಷ್ಟನ್ನು ಬಿಚ್ಚಿಸಿ ಮತ್ತೆ ಹೊಡೆಸಿ. ಪುಟ್ಟಿ, ಬಣ್ಣ ಮುಗಿದ ಮೇಲೆ ಅದೇ ಕೆಲಸಕ್ಕೆ ಎರಡು ಪಟ್ಟು ಖರ್ಚು ಬೀಳುತ್ತದೆ.