ದುರ್ಯೋಧನನ ಪಾರ್ಟಿಗೆ ಎಷ್ಟು? ಕಲೆಯ ಕಸುಬಿನ ಮೇಲೆ ಪಿಎಚ್‌.ಡಿ. ಮಾಡುವವರಿಗೆ

ನಾಟಕ, ನೇಯ್ಗೆ, ಹಾಡಿನಂಥ ಕಲೆಗಳು ದುಡ್ಡು ಹುಟ್ಟಿಸಿಕೊಂಡು ಬದುಕುವ ಬಗೆಯನ್ನು ಅಧ್ಯಯನ ಮಾಡುವುದೇ ಸಾಂಸ್ಕೃತಿಕ ಉದ್ಯಮಶೀಲತೆ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್‌ ಕಾಲೇಜು ಇದಕ್ಕೆಂದೇ ಒಂದು ಸಂಸ್ಥೆ ಕಟ್ಟಿತು. ಆದರೆ ನೀವು ಸಾಂಸ್ಕೃತಿಕ ಉದ್ಯಮಶೀಲತೆ ಎಂಬ ಹೆಸರಿನ ವಿಭಾಗವನ್ನೇ ಹುಡುಕುತ್ತ ಕೂರಬೇಕಿಲ್ಲ. ವಾಣಿಜ್ಯ, ಜಾನಪದ, ಕನ್ನಡ, ಸಮಾಜಶಾಸ್ತ್ರ, ರಂಗಭೂಮಿ, ಯಾವುದರಲ್ಲಿ ಸ್ನಾತಕೋತ್ತರ ಪದವಿ ಇದೆಯೋ ಅದೇ ವಿಭಾಗದಲ್ಲಿ ಈ ವಿಷಯ ಎತ್ತಿಕೊಳ್ಳಬಹುದು.

ಹಂತ 1: ಪ್ರಶ್ನೆ ಹಿಡಿಯಿರಿ

ಹೆಚ್ಚು ಸಮಯ ಇದಕ್ಕೇ ಕೊಡಿ. ‘ಚಿತ್ರದುರ್ಗ ಜಿಲ್ಲೆಯ ಕಲೆಗಳು: ಒಂದು ಅಧ್ಯಯನ’ ಎಂಬಂಥ ಶೀರ್ಷಿಕೆ ಬೇಡವೇ ಬೇಡ, ಅದರಲ್ಲಿ ಪ್ರಶ್ನೆಯೇ ಇಲ್ಲ.

ಹೊಳಲ್ಕೆರೆ, ಹಿರಿಯೂರು ಕಡೆಯ ಹಳ್ಳಿಗಳಲ್ಲಿ ಹಬ್ಬಕ್ಕೋ ಜಾತ್ರೆಗೋ ‘ಕುರುಕ್ಷೇತ್ರ’ ಆಡುವುದನ್ನು ನೋಡಿ. ಇಲ್ಲಿ ನಟನಿಗೆ ಸಂಬಳವಿಲ್ಲ, ನಟನೇ ದುಡ್ಡು ಹಾಕುತ್ತಾನೆ. ದುರ್ಯೋಧನನ ಪಾರ್ಟು ಬೇಕೆಂದವನು ಹೆಚ್ಚು ಕೊಡಬೇಕು, ಸಣ್ಣ ಪಾರ್ಟಿನವನು ಕಡಿಮೆ. ಆ ಹಣ ಹಾರ್ಮೋನಿಯಂ ಮೇಷ್ಟ್ರಿಗೆ, ಡ್ರಾಮಾ ಸೀನರಿಯವರಿಗೆ, ಹೊರಗಿನಿಂದ ಬರುವ ನಟಿಯರಿಗೆ, ಮೈಕ್‌ಸೆಟ್ಟಿನವರಿಗೆ ಹಂಚಿಹೋಗುತ್ತದೆ. ಪ್ರೇಕ್ಷಕ ಟಿಕೆಟ್ ಕೊಳ್ಳದೆಯೇ ಇಷ್ಟೊಂದು ಸಂಸಾರಗಳು ನಡೆಯುವ ಈ ಲೆಕ್ಕಾಚಾರ ಪ್ರಬಂಧವೊಂದಕ್ಕೆ ಧಾರಾಳವಾಗಿ ಸಾಕು.

ಇದಕ್ಕೆ ತದ್ವಿರುದ್ಧ ಮಾದರಿ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿದೆ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ನೇತೃತ್ವದಲ್ಲಿ 1997ರಲ್ಲಿ ಶುರುವಾದ ಶಿವಸಂಚಾರ ತಂಡ ಪ್ರತಿ ವರ್ಷ ಹೊಸ ನಾಟಕಗಳನ್ನು ಕಟ್ಟಿ ನಾಡೆಲ್ಲ ಸುತ್ತುತ್ತದೆ. ಹೆಗ್ಗೋಡಿನ ನೀನಾಸಂ 1985ರಲ್ಲಿ ಆರಂಭಿಸಿದ ತಿರುಗಾಟದ ಜೊತೆ ಇದನ್ನು ಹೋಲಿಸಬಹುದು: ಒಂದರ ಬೆನ್ನಿಗೆ ಮಠ, ಇನ್ನೊಂದರ ಬೆನ್ನಿಗೆ ಊರಿನ ಸಂಘ. ಕಾಡುಗೊಲ್ಲರ ಗಣೆ ವಾದನ, ಚಳ್ಳಕೆರೆ ಸೀಮೆಯ ಕಂಬಳಿ, ಮೊಳಕಾಲ್ಮೂರು ಸೀರೆಗಳೂ ಕಾದಿವೆ. ಒಂದನ್ನೇ ಹಿಡಿಯಿರಿ.

ಹಂತ 2: ಅರ್ಹತೆ ನೋಡಿಕೊಳ್ಳಿ

ಯುಜಿಸಿಯ 2022ರ ನಿಯಮದಂತೆ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಬೇಕು. ಪರಿಶಿಷ್ಟ, ಹಿಂದುಳಿದ ವರ್ಗ ಮತ್ತು ಅಂಗವಿಕಲರಿಗೆ ಶೇ 5ರ ರಿಯಾಯಿತಿ ಇದೆ. ಎಂ.ಫಿಲ್. ಈಗಿಲ್ಲ.

ಹಂತ 3: ವಿಶ್ವವಿದ್ಯಾಲಯ, ಮಾರ್ಗದರ್ಶಕರು

ದಾವಣಗೆರೆ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಚಿತ್ರದುರ್ಗದ ಪಕ್ಕದ ಗುಡ್ಡದ ರಂಗವ್ವನಹಳ್ಳಿಯಲ್ಲೇ ಇದೆ. ಕನ್ನಡದಲ್ಲೇ ಬರೆಯಬೇಕೆಂದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಕಲೆಯ ಕಡೆ ಒಲವಿದ್ದರೆ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ. ಪ್ರಾಧ್ಯಾಪಕರು ಒಮ್ಮೆಗೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಪಿಎಚ್‌.ಡಿ. ವಿದ್ಯಾರ್ಥಿಗಳನ್ನಷ್ಟೇ ತೆಗೆದುಕೊಳ್ಳಬಹುದು. ಆದ್ದರಿಂದ ಅರ್ಜಿಗೆ ಮೊದಲೇ ಜಾಗ ಖಾಲಿ ಇದೆಯೇ ಎಂದು ಕೇಳಿ. ಅವರ ಕೈಕೆಳಗೆ ಬಂದ ಪ್ರಬಂಧಗಳನ್ನು ‘ಶೋಧಗಂಗಾ’ದಲ್ಲಿ ಪುಕ್ಕಟೆಯಾಗಿ ಓದಿಕೊಂಡೇ ಹೋಗಿ ಮಾತಾಡಿಸಿ.

ಹಂತ 4: ಪರೀಕ್ಷೆ

ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಅರ್ಧ ಸಂಶೋಧನಾ ವಿಧಾನ, ಅರ್ಧ ನಿಮ್ಮ ವಿಷಯ. ನೆಟ್‌ನಲ್ಲಿ ಜೆಆರ್‌ಎಫ್‌ ಸಿಕ್ಕರೆ ಶಿಷ್ಯವೇತನದ ಚಿಂತೆ ತಪ್ಪುತ್ತದೆ. ಬಡಮನೆಯ ಮಕ್ಕಳು ಇದಕ್ಕೆ ಒಂದು ವರ್ಷ ಮುಡಿಪಿಟ್ಟರೂ ನಷ್ಟವಿಲ್ಲ.

ಹಂತ 5: ಕೋರ್ಸ್‌ವರ್ಕ್

ಕನಿಷ್ಠ 12 ಕ್ರೆಡಿಟ್. ಒಟ್ಟು ಅವಧಿ ಕನಿಷ್ಠ 3, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೆರಡು. ಮಹಿಳೆಯರಿಗೆ ಅದರ ಮೇಲೆ ಮತ್ತೆರಡು ವರ್ಷ, ಜೊತೆಗೆ 240 ದಿನಗಳವರೆಗೆ ಹೆರಿಗೆ ರಜೆ ಇದೆ. ಮದುವೆಯಾದ ಹೆಣ್ಣುಮಕ್ಕಳು ‘ಇನ್ನು ಮುಗಿಯಿತು’ ಎಂದುಕೊಳ್ಳುವ ಮುನ್ನ ಈ ನಿಯಮ ಓದಿ.

ಹಂತ 6: ಕ್ಷೇತ್ರಕಾರ್ಯ

‘ವರ್ಷಕ್ಕೆ ಎಷ್ಟು ಆದಾಯ?’ ಎಂದು ಕೇಳಿದರೆ ಕಲಾವಿದರು ಏನೋ ಒಂದು ಅಂಕಿ ಹೇಳಿ ಕಳಿಸುತ್ತಾರೆ. ಹಾಗೆ ಕೇಳಬೇಡಿ. ‘ಯುಗಾದಿ ಆದಮೇಲೆ ಎಲ್ಲೆಲ್ಲಿ ಆಟ ಆಯಿತು? ಅಡ್ವಾನ್ಸ್ ಎಷ್ಟು? ಬಾಕಿ ಬಂತಾ? ಗಾಡಿ ಬಾಡಿಗೆ ಯಾರು ಕೊಟ್ಟರು?’ ಎಂದು ಕೇಳಿ. ಕಂಬಳಿಯವರ ಮನೆಯಲ್ಲಾದರೆ ಮಗ್ಗದ ಮುಂದೆ ಕೂತವನನ್ನು ಮಾತ್ರ ಎಣಿಸಬೇಡಿ. ನೂಲುವ ಹೆಂಗಸರ ದಿನಗಳನ್ನೂ, ಹಾಸುನೂಲಿಗೆ ಹುಣಸೆಬೀಜದ ಸರಿ ಬಳಿಯುವ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೂಲಿ ಇಲ್ಲದ ಈ ಕೆಲಸ ಬಿಟ್ಟುಹೋದರೆ ಲಾಭದ ಕೋಷ್ಟಕ ಸುಳ್ಳಾಗುತ್ತದೆ. ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಕೇಳಿ, ಅವರ ದಿನಗೂಲಿ ಕಳೆಯುವ ಹೊತ್ತಿನಲ್ಲಿ ಹೋಗಬೇಡಿ.

ಹಂತ 7: ಬರಹ, ಸಲ್ಲಿಕೆ

ಪ್ರಬಂಧವನ್ನು ಕೃತಿಚೌರ್ಯ ತಪಾಸಣೆಗೆ ಹಾಕುತ್ತಾರೆ; ಶೇ 10ರೊಳಗಿನ ಸಾಮ್ಯಕ್ಕೆ ದಂಡನೆ ಇಲ್ಲ. ಕರಡು ಕೊಡುವ ಮೊದಲು ಮಾಹಿತಿ ಕೊಟ್ಟ ಮೇಷ್ಟ್ರಿಗೆ, ಸೀನರಿಯವರಿಗೆ ಅವರವರ ಭಾಗ ಓದಿ ಹೇಳಿ. ‘ಈ ಬಾಡಿಗೆ ಹೋದ ವರ್ಷದ್ದು’ ಎಂದು ಅವರು ತಿದ್ದಿದರೆ ಅಲ್ಲೇ ತಿದ್ದಿಕೊಂಡು ಮಾರ್ಗದರ್ಶಕರಿಗೆ ಒಪ್ಪಿಸಿ.