ಚೌಡಿಕೆಯ ನಾದವೂ ಈಕ್ವಲೈಸರ್ ಯಂತ್ರವೂ

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಜೋಗತಿಯರು ನುಡಿಸುವ ಚೌಡಿಕೆಯನ್ನು ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ವಿದ್ಯಾರ್ಥಿಗಳಲ್ಲಿ ಅನೇಕರು ಕೇಳಿರಬಹುದು. ಕೊಳಗದಂತಹ ಮರದ ಪಾತ್ರೆ, ಅದಕ್ಕೆ ಬಿಗಿದ ಚರ್ಮ, ಚರ್ಮದಿಂದ ಹೊರಟ ಒಂದೇ ತಂತಿ. ಮೀಟಿದಾಗ ಒಂದು ಮಂದ್ರಧ್ವನಿಯೂ ಅದರೊಡನೆ ಝೇಂಕಾರವೂ ಹೊರಡುವುವು. ಮೂಲಕಂಪನಕ್ಕಿಂತ ಹಲವು ಮಡಿ ವೇಗವುಳ್ಳ ಉಪಸ್ವರಗಳೇ ಈ ಝೇಂಕಾರಕ್ಕೆ ಕಾರಣ. ಚೌಡಿಕೆಯ ಧ್ವನಿಯನ್ನು ನಾವು ಗುರುತಿಸುವುದು ಬಹುಮಟ್ಟಿಗೆ ಇವುಗಳ ಪ್ರಮಾಣದಿಂದಲೇ.

ಧ್ವನಿಮುದ್ರಣದಲ್ಲಿ ಈ ಪ್ರಮಾಣವು ಕೆಡುವುದುಂಟು. ಸಣ್ಣ ಕೋಣೆಯ ಗೋಡೆಗಳು ಕೆಲವು ಮಂದ್ರಸ್ವರಗಳನ್ನು ಉಬ್ಬಿಸುವುವು. ಹಳೆಯ ಟೇಪಿನಲ್ಲಿ ತಾರಸ್ವರಗಳು ಮಂಕಾಗುವುವು. ಇದನ್ನು ತಿದ್ದುವ ಉಪಕರಣವೇ ಈಕ್ವಲೈಸರ್. 1951ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಪಲ್ಟೆಕ್’ ಇವುಗಳಲ್ಲಿ ಪ್ರಸಿದ್ಧವಾದುದು. ಅದರ ಮಾದರಿಯ ಯಂತ್ರಗಳನ್ನು ಧ್ವನಿಮುದ್ರಣಾಲಯಗಳು ಇಂದಿಗೂ ಬಳಸುತ್ತಿವೆ.

ಅದರೊಳಗಿನ ಮುಖ್ಯ ಅಂಗಗಳು ತಂತಿಯ ಸುರುಳಿ ಮತ್ತು ಕಂಡೆನ್ಸರ್. ವೇಗದ ಕಂಪನಗಳಿಗೆ ಸುರುಳಿಯು ಹೆಚ್ಚು ತಡೆಯೊಡ್ಡುವುದು. ನಿಧಾನದ ಕಂಪನಗಳಿಗೆ ಕಂಡೆನ್ಸರು ಹೆಚ್ಚು ತಡೆಯೊಡ್ಡುವುದು. ಎರಡನ್ನೂ ಒಂದರ ಮುಂದೊಂದು ಜೋಡಿಸಿದರೆ, ಒಂದು ನಿರ್ದಿಷ್ಟ ಕಂಪನಸಂಖ್ಯೆಯಲ್ಲಿ ಇವೆರಡರ ತಡೆಯೂ ಒಂದನ್ನೊಂದು ಕಳೆಯುವುವು. ಆಗ ಆ ಸ್ವರವು ಸುಲಭವಾಗಿ ಹಾಯುವುದು. 0.1 ಹೆನ್ರಿ ಸುರುಳಿಗೆ 0.028 ಮೈಕ್ರೋಫ್ಯಾರಡ್ ಕಂಡೆನ್ಸರನ್ನು ಸೇರಿಸಿದರೆ ಈ ಸಂಖ್ಯೆ ಸೆಕೆಂಡಿಗೆ ಸುಮಾರು 3,000. ಕಂಡೆನ್ಸರಿನ ಬೆಲೆಯನ್ನು ನಾಲ್ಕು ಮಡಿ ಮಾಡಿದರೆ ಅದು ಅರ್ಧಕ್ಕಿಳಿದು 1,500 ಆಗುವುದು.

ಇಲ್ಲಿ ಒಂದು ಸ್ವಾರಸ್ಯವಿದೆ. ಸುರುಳಿಯಾಗಲಿ ಕಂಡೆನ್ಸರಾಗಲಿ ಯಾವ ಸ್ವರಕ್ಕೂ ಹೊಸ ಶಕ್ತಿಯನ್ನು ಕೊಡಲಾರವು. ಆದುದರಿಂದ ಪಲ್ಟೆಕ್ ಮೊದಲು ಎಲ್ಲ ಸ್ವರಗಳನ್ನೂ ಸುಮಾರು 16 ಡೆಸಿಬೆಲ್‌ಗಳಷ್ಟು, ಎಂದರೆ ಆರನೆಯ ಒಂದಂಶಕ್ಕೆ, ಇಳಿಸುವುದು. ಬೇಕಾದ ಸ್ವರವನ್ನು ಮಾತ್ರ ಕಡಿಮೆ ಇಳಿಸುವುದು. ಅನಂತರ ನಿರ್ವಾತ ಕೊಳವೆಗಳು ಎಲ್ಲವನ್ನೂ ಒಟ್ಟಾಗಿ ಎತ್ತುವುವು. ಕಿವಿಗೆ ಏರಿಕೆಯಾಗಿ ಕೇಳಿಸುವುದು ನಿಜವಾಗಿ ಕಡಿಮೆ ಇಳಿಕೆಯೇ!

ಇದರಿಂದ ನಾವು ಕಲಿಯಬೇಕಾದ ಪಾಠವೊಂದುಂಟು. ಈಕ್ವಲೈಸರ್ ಇದ್ದ ಸ್ವರಗಳ ಪ್ರಮಾಣವನ್ನು ಬದಲಿಸಬಲ್ಲುದೇ ಹೊರತು ಇಲ್ಲದ ಸ್ವರವನ್ನು ತರಲಾರದು. ಹಳೆಯ ಟೇಪಿನ ‘ಹಿಸ್’ ಎಂಬ ಸದ್ದು ಮತ್ತು ಚೌಡಿಕೆಯ ಝೇಂಕಾರ ಇವೆರಡೂ ತಾರಸ್ಥಾನದಲ್ಲಿಯೇ ಸೇರಿಕೊಂಡಿರುವುವು. ಸದ್ದನ್ನಡಗಿಸಲು ಗುಂಡಿಯನ್ನು ತಿರುಗಿಸಿದರೆ ಝೇಂಕಾರವೂ ಅಡಗುವುದು. ಹೀಗೆ ತಿದ್ದಿದ ಪ್ರತಿಯೊಂದೇ ಉಳಿದರೆ, ಮುಂದಿನವರು ಚೌಡಿಕೆಯ ನಿಜವಾದ ನಾದವನ್ನು ಎಂದಿಗೂ ಅರಿಯರು. ಆದುದರಿಂದ ಊರಿನ ಹಾಡುಗಳನ್ನು ಮುದ್ರಿಸಿಕೊಳ್ಳುವ ವಿದ್ಯಾರ್ಥಿಗಳು ಮೊದಲು ಮೈಕನ್ನು ಸರಿಯಾದ ಸ್ಥಳದಲ್ಲಿರಿಸಲಿ; ಪ್ರತಿಯನ್ನು ಮಾತ್ರ ತಿದ್ದಲಿ; ಮೂಲವನ್ನು ಇದ್ದಂತೆಯೇ ಕಾಪಾಡಲಿ.